ಆ ಬೆಳಗಿನ ತೀರ್ಪು

ಜೂನ್ ೯

ಚಿರಂಜೀವಿ ಮಗಳಿಗೆ,

ಊಟದ ಮೇಜಿನ ಮೇಲೆ ನೀನು ಇಟ್ಟುಹೋದ ಕಾಗದವನ್ನು ನಾಲ್ಕು ಬಾರಿ ಓದಿದೆ. ಅಕ್ಷರ ದುಂಡಾಗಿದೆ, ವಾಕ್ಯಗಳು ಚಿಕ್ಕವಾಗಿವೆ, ಕಾರಣ ಮಾತ್ರ ಎಲ್ಲಿಯೂ ಇಲ್ಲ. ಆಫ್ರಿಕಾದ ಒಂದು ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ತರಬೇತಿ ಪಡೆಯಲು ಆಯ್ಕೆಯಾಗಿರುವೆ. ಕಾಗದ ನನ್ನ ಕೈಸೇರುವ ಹೊತ್ತಿಗೆ ವಿಮಾನ ಹತ್ತಿರುತ್ತೀಯೆ. ಫೋನ್ ಮಾಡಬಾರದು, ಹೇಳುವುದಿದ್ದರೆ ಬರೆಯಬೇಕು. ಇಷ್ಟೇ ಒಕ್ಕಣೆ. ಫೋನ್ ಏಕೆ ಬೇಡವೆಂಬುದಕ್ಕೆ ಮಾತ್ರ ಒಂದು ಸಾಲು ಖರ್ಚು ಮಾಡಿರುವೆ: "ಬಾಯಿಮಾತಿನಲ್ಲಿ ನಿಮ್ಮೆದುರು ನಾನು ಗೆಲ್ಲಲಾರೆ." ಆದ್ದರಿಂದ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟ್, ಸಂದರ್ಶನ, ಲಸಿಕೆಗಳು, ಇವೆಲ್ಲ ಒಂದೆರಡು ದಿನದ ಕೆಲಸವಲ್ಲ. ಏಪ್ರಿಲ್‌ನಲ್ಲಿ ನಿನ್ನ ಎಡತೋಳು ಊದಿಕೊಂಡಿದ್ದಾಗ ಕೇಳಿದ್ದೆ. ಬಸ್ಸಿನ ಕಂಬಿ ತಗುಲಿತೆಂದು ಹೇಳಿದೆ. ಅಳತೆ-ತೂಕ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಅಂಗಡಿಯವರ ಸುಳ್ಳನ್ನು ಮುಖ ನೋಡಿಯೇ ಹಿಡಿದವನು ನಾನು. ನಿನ್ನದನ್ನು ಹಿಡಿಯಲಿಲ್ಲ.

ನಿನಗೆ ಗೊತ್ತಿರುವುದೇ ಆದರೂ ದಾಖಲೆಗೆಂದು ಹೇಳುತ್ತೇನೆ. ನಿನ್ನ ತಾಯಿ ಹೋದ ಮೇಲೆ, ಬೈದು ಬಡಿದು ಮಕ್ಕಳನ್ನು ಬೆಳೆಸುವುದಿಲ್ಲವೆಂದು ತೀರ್ಮಾನಿಸಿ ಈ ಮನೆಗೊಂದು ಪದ್ಧತಿ ತಂದೆ. ಏನಾದರೂ ಬೇಕಾದವರು ಊಟದ ಮೇಜಿನ ತುದಿಯಲ್ಲಿ ನಿಂತು ಮೂರು ನಿಮಿಷ ವಾದಿಸಬೇಕು. ನಾನು ಮೂರು ನಿಮಿಷ ವಿರೋಧಿಸಬೇಕು. ನೀನು, ನಿನ್ನ ತಮ್ಮ, ನಿಮ್ಮಿಬ್ಬರಲ್ಲಿ ಉಳಿದವರು ತೀರ್ಪು ಕೊಡಬೇಕು, ಅದಕ್ಕೆ ನಾನೂ ತಲೆಬಾಗಬೇಕು. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತ ಒಂದೇ ಒಂದು ಒಳ್ಳೆಯ ವಿಷಯವೆಂದರೆ ಅದು: ಸೋತವನು ಗೆದ್ದವನ ಕೈ ಕುಲುಕಿ ಕೂರುವುದು. ಆ ಪದ್ಧತಿಯನ್ನು ನೀನು ಮುರಿದು ಹೋಗಿರುವೆ.

ಮೂರನೆಯವನಿಲ್ಲದ ಮನೆಯಲ್ಲಿ ತೀರ್ಪು ಕೊಡುವವರು ಯಾರು ಎಂದು ಕೇಳಬಹುದು. ಒಪ್ಪತಕ್ಕ ಪ್ರಶ್ನೆ. ಮುಂದಿನ ಅಂಶಕ್ಕೆ ಹೋಗುತ್ತೇನೆ.

ಸೇವೆ ಎಂಬುದು ದೊಡ್ಡ ಮಾತು. ನಿನ್ನ ತಮ್ಮ ತೀರಿಕೊಂಡು ಹದಿಮೂರು ತಿಂಗಳಾಗಿವೆ. ಈ ಹದಿಮೂರು ತಿಂಗಳಲ್ಲಿ ನೀನು ಈ ಮನೆಯಲ್ಲಿ ಆಡಿದ ಮಾತನ್ನು ಒಂದು ಹಾಳೆಯಲ್ಲಿ ಬರೆದು ಮುಗಿಸಬಹುದು. ಅಂಥವಳು ಸಮುದ್ರ ದಾಟಿ ಅಪರಿಚಿತರ ಕಷ್ಟ ಕೇಳುತ್ತೇನೆಂದರೆ ಅದನ್ನು ಸೇವೆ ಎನ್ನಬೇಕೋ ಪಲಾಯನ ಎನ್ನಬೇಕೋ? ಎರಡನೆಯದೆಂದು ನನ್ನ ವಾದ. ನಿನ್ನ ಪ್ರತಿವಾದವನ್ನು ನಿರೀಕ್ಷಿಸುತ್ತೇನೆ.

ಕುದಿಸದ ನೀರು ಕುಡಿಯಬೇಡ.

ನಿನ್ನ ತಂದೆ

ಜುಲೈ ೨

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದಕ್ಕೆ ಪ್ರತಿವಾದ ಬರೆಯುವುದಿಲ್ಲ. ಇಲ್ಲಿ ಹೇಗಿದ್ದೇನೆ ಎಂಬುದನ್ನಷ್ಟೇ ಬರೆಯುತ್ತೇನೆ.

ಒಂದು ಕೋಣೆ, ನಾಲ್ಕು ಕಬ್ಬಿಣದ ಮಂಚ, ನಾವು ಮೂವರು. ನಾಲ್ಕನೆಯ ಮಂಚದ ಮೇಲೆ ಪೆಟ್ಟಿಗೆಗಳು. ನನ್ನ ಸೊಳ್ಳೆಪರದೆಯಲ್ಲಿ ತೂತಿದ್ದಲ್ಲೆಲ್ಲ ಹಿಂದಿನವರು ಯಾರೋ ಗಂಟು ಹಾಕಿದ್ದಾರೆ. ಮಲಗಿ ಎಣಿಸಿದರೆ ಹದಿನೇಳು. ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಆರಕ್ಕೆ ನಿಲ್ಲುತ್ತದೆ. ಆರೂವರೆಗೆ ಹೊರಗಿನ ತಗಡಿನ ಮಾಡಿನ ಕೆಳಗೆ ಬೆಂಚುಗಳು ತುಂಬಿರುತ್ತವೆ.

ಕೇಂದ್ರ ನಡೆಸುವವರು ಒಬ್ಬ ಹಿರಿಯ ನರ್ಸ್. ಎಲ್ಲರೂ ಅವರನ್ನು ತಮ್ಮ ಭಾಷೆಯಲ್ಲಿ ದೊಡ್ಡಮ್ಮ ಎಂದೇ ಕರೆಯುತ್ತಾರೆ, ಡಾಕ್ಟರೂ ಸಹ. ಮೊದಲ ದಿನ ನನ್ನ ಕೈಗಳನ್ನು ತಿರುಗಿಸಿ ನೋಡಿ, "ಇಷ್ಟು ಮೆತ್ತಗಿನ ಕೈ ಇಟ್ಕೊಂಡು ಎಲ್ಲಿಗೆ ಹೊರಟಿದ್ದೆ, ದಾರಿ ತಪ್ಪಿ ಬಂದ್ಯಾ?" ಎಂದರು. ಒಂದು ವಾರ ನನಗೆ ಕೈ ತೊಳೆಯುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ. ಎರಡನೆಯ ವಾರ ಬಾಟಲಿ ಕುದಿಸಿದೆ. ಮೂರನೆಯ ವಾರದಿಂದ ಮೊದಲ ಮೇಜಿಗೆ ಹಾಕಿದ್ದಾರೆ.

ಮೊದಲ ಮೇಜು ಎಂದರೆ ಬಾಗಿಲ ಹೊರಗಿನ ಮೇಜು. ದಿನಕ್ಕೆ ನೂರೈವತ್ತರವರೆಗೆ ಜನ ಬರುತ್ತಾರೆ. ಡಾಕ್ಟರ್ ಒಬ್ಬರೇ. ಬಂದವರಿಗೆಲ್ಲ ನಾನು ಒಂದೊಂದು ಚೀಟಿ ಕೊಡಬೇಕು. ಕೆಂಪು ಎಂದರೆ ಈಗಲೇ ಒಳಗೆ. ಹಳದಿ ಎಂದರೆ ಇವತ್ತು, ಆದರೆ ಕಾಯಬೇಕು. ಹಸಿರು ಎಂದರೆ ನಾಳೆ ಬಂದರೂ ನಡೆಯುತ್ತದೆ. ಇಲ್ಲಿಯ ಭಾಷೆ, ಇಂಗ್ಲಿಷ್ ಎರಡೂ ಬಲ್ಲ, ಕಸ ಗುಡಿಸುವ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಅವರ ಮಾತನ್ನು ನನಗೆ, ನನ್ನದನ್ನು ಅವರಿಗೆ ಮುಟ್ಟಿಸುತ್ತಾಳೆ. ನಾನು ಒಂದು ಮಾತು ಕೇಳಿದರೆ ಅವಳು ನಾಲ್ಕು ಕೇಳುತ್ತಾಳೆ. ಅದರಲ್ಲಿ ಎರಡು ಬೈಗುಳವೆಂದು ನನ್ನ ಅನುಮಾನ.

ಮೊದಲ ದಿನವೇ ನಾನು ಪ್ರಶ್ನೆ ಕೇಳುತ್ತ ಕೂತಿದ್ದೆ. ಎಷ್ಟು ದಿನದಿಂದ, ಎಲ್ಲಿ ನೋವು, ಹೇಗಿದೆ ನೋವು. ಹಿಂದೆ ನಿಂತಿದ್ದ ದೊಡ್ಡಮ್ಮ ಹೇಳಿದರು: "ಇಷ್ಟೆಲ್ಲ ಕೇಳ್ಬೇಡ, ಮೊದಲು ನೋಡು. ಚೆನ್ನಾಗಿ ಹೇಳೋನಿಗೆ ಹೇಳೋಷ್ಟು ಉಸಿರಿದೆ. ಮಾತಾಡದೆ ಮೂಲೇಲಿ ಕೂತಿದ್ದಾನಲ್ಲ, ಎದ್ದು ಅವನ ಹತ್ರ ಹೋಗು."

ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಏಕೆಂದು ನಿಮಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೇನೆ.

ನೀರು ಕುದಿಸಿಯೇ ಕುಡಿಯುತ್ತಿದ್ದೇನೆ.

ನಿಮ್ಮ ಮಗಳು

ಜುಲೈ ೨೪

ಚಿರಂಜೀವಿ ಮಗಳಿಗೆ,

ಪತ್ರ ಇಪ್ಪತ್ತು ದಿನಕ್ಕೆ ತಲುಪಿತು. ವರ್ಣನೆ ಸ್ಪಷ್ಟವಾಗಿದೆ. ಸೊಳ್ಳೆಪರದೆಯ ತೂತಿಗೆ ಗಂಟು ಹಾಕುವುದು ಸರಿಯಾದ ಕ್ರಮವಲ್ಲ, ಹೊಲಿಯಬೇಕು.

ಮೂಕವಾಗಿ ಕೂತವನೇ ಹೆಚ್ಚು ಕಾಯಿಲೆಯವನು ಎಂಬ ಆ ಹೆಂಗಸಿನ ಮಾತನ್ನು ನಿಯಮವೆಂದು ಒಪ್ಪಲಾಗದು. ಮೌನಕ್ಕೆ ನೂರು ಕಾರಣಗಳಿರುತ್ತವೆ. ತನ್ನ ಕಷ್ಟವನ್ನು ತಾನು ಹೇಳಿಕೊಳ್ಳುವುದು ಮನುಷ್ಯನ ಕರ್ತವ್ಯ. ಹೇಳಲಾರದವನ ಪರವಾಗಿ ಊಹೆ ಮಾಡಹೊರಟರೆ ನ್ಯಾಯಕ್ಕೆ ತಳಹದಿಯೇ ಉಳಿಯದು.

ಮೇಲಿನ ವಾಕ್ಯಗಳನ್ನು ಬರೆದು ಎರಡು ದಿನವಾಯಿತು. ಹೊಡೆದುಹಾಕಬೇಕೆನಿಸಿತು, ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ನಿನ್ನೆ ತನಿಖೆಗೆ ಹೋಗಿದ್ದ ಅಂಗಡಿಯವನ ತಕ್ಕಡಿಯ ಒಂದು ತಟ್ಟೆಯ ಅಡಿಯಲ್ಲಿ ಅರಗು ಮೆತ್ತಿತ್ತು. ಅವನು ಆ ಪೇಟೆಗೆಲ್ಲ ಗೊತ್ತಿರುವ ಮಾತುಗಾರ. "ಸಾಹೇಬ್ರ ನೆರಳು ಬಿದ್ರೆ ನಮ್ ತಕ್ಕಡಿಗೂ ಚಳಿಜ್ವರ ಬರುತ್ತೆ, ಅದಕ್ಕೇ ಒಂದ್ ಕಡೆ ವಾಲುತ್ತೆ" ಎಂದು ನೆರೆದವರನ್ನೆಲ್ಲ ನಗಿಸಿದ. ಇಂಥವರಿಗೆ ನಾನು ಕೊಡುತ್ತಿದ್ದ ಉತ್ತರಗಳು ಇಲಾಖೆಯಲ್ಲಿ ಪ್ರಸಿದ್ಧವಾಗಿದ್ದವು. ನಿನ್ನೆ ಸುತ್ತಲಿನವರು ನಗುವುದನ್ನು ನೋಡುತ್ತ ನಿಂತೆ. ತಕ್ಕಡಿಗೆ ಮುದ್ರೆ ಹಾಕಿ ವಶಪಡಿಸಿಕೊಂಡು ಬಂದೆ.

ಊಟ ಬಿಡಬೇಡ.

ನಿನ್ನ ತಂದೆ

ಸೆಪ್ಟೆಂಬರ್ ೧೧

ಅಪ್ಪನಿಗೆ ನಮಸ್ಕಾರ.

ಆಗಸ್ಟ್ ಪೂರ್ತಿ ಬರೆಯಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ.

ಮೊದಲ ಮೇಜಿನಲ್ಲಿ ನಾನು ಕೆಟ್ಟಿದ್ದೇನೆ. ಮೊದಲು ದಿನಕ್ಕೆ ಹತ್ತು ಕೆಂಪು ಚೀಟಿ ಕೊಡುತ್ತಿದ್ದೆ, ಆಮೇಲೆ ಇಪ್ಪತ್ತಾಯಿತು, ಮೂವತ್ತಾಯಿತು. ನನ್ನೆದುರು ನಿಂತವರಿಗೆ ಹಸಿರು ಚೀಟಿ ಚಾಚಿದಾಗ ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ಮಾತಾಡದೆ ಬೆಂಚಿನ ಕಡೆ ತಿರುಗುತ್ತಾರೆ. ಆ ಬೆನ್ನು ನನಗೆ ಗೊತ್ತು. ಕರೆದು ಚೀಟಿ ಬದಲಾಯಿಸಿ ಕೆಂಪು ಕೊಡುತ್ತಿದ್ದೆ. ಅಜ್ಜಿ ಒಂದೆರಡು ಸಲ, "ಮಗೂ, ಇವನಿಗೆ ಬರೀ ನೆಗಡಿ ಕಣೇ" ಎಂದಳು. ಕೇಳಲಿಲ್ಲ.

ಆಗಸ್ಟ್ ಇಪ್ಪತ್ತೆಂಟರಂದು ಹೆಂಗಸೊಬ್ಬಳು ತಳ್ಳುಗಾಡಿಯಲ್ಲಿ ತನ್ನ ಗಂಡನನ್ನು ಕರೆತಂದಳು. ಮೂಟೆ ಹೊರುವವನು. ಅವನಿಗೂ ಕೆಂಪು ಕೊಟ್ಟೆ. ಆ ದಿನ ಅರವತ್ತೊಂದು ಕೆಂಪು ಚೀಟಿಗಳಿದ್ದವು; ಅವನದು ಐವತ್ತೆರಡನೆಯದು. ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ಪಕ್ಕದವನ ಭುಜಕ್ಕೆ ತಲೆಯಿಟ್ಟು ಸತ್ತುಹೋದ. ಪಕ್ಕದವನು ನಿದ್ದೆ ಬಂದಿರಬೇಕೆಂದು ಅಲುಗಾಡದೆ ಕೂತಿದ್ದನಂತೆ, ಒಂದು ಗಂಟೆ ಹೊತ್ತು.

ದೊಡ್ಡಮ್ಮ ಕೂಗಾಡಲಿಲ್ಲ. ಚೀಟಿಗಳನ್ನೆಲ್ಲ ನನ್ನೆದುರು ಹರಡಿ, "ಎಲ್ಲರೂ ಮೊದಲು ಅಂದ್ರೆ ಯಾರೂ ಮೊದಲಲ್ಲ. ಇದು ಕರುಣೆ ಅಂದ್ಕೊಂಡ್ಯಾ? ತೀರ್ಮಾನ ಮಾಡೋದ್ರಿಂದ ತಪ್ಪಿಸ್ಕೊಂಡೆ ನೀನು" ಎಂದರು. ಅಂದಿನಿಂದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೇನೆ. ನವೆಂಬರ್ ಮಧ್ಯದವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ಮೇಜಿಗೆ ಮರಳುವ ಧೈರ್ಯ ಬಂದರೆ ಸರಿ, ಇಲ್ಲದಿದ್ದರೆ ವರ್ಷ ಮುಗಿಯುವ ಮೊದಲೇ ಊರಿಗೆ ಕಳುಹಿಸುತ್ತಾರೆ.

ಮೊನ್ನೆ ಹಾಸಿಗೆ ಬಟ್ಟೆ ಹಿಂಡುತ್ತಿರುವಾಗ ಅವರು ಬಂದು ಇನ್ನೊಂದು ತುದಿ ಹಿಡಿದುಕೊಂಡರು. ಯಾರಿಗೆ ಹೆದರ್ತೀಯ ಎಂದು ಕೇಳಿದರು. ಹೇಳಿದೆ. ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ತಮ್ಮ ಮೇಜಿನ ತುದಿಯಲ್ಲಿ ಕುರ್ಚಿ ಹಿಡಿದು ನಿಂತದ್ದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದದ್ದು, ತೀರ್ಪು ಕೊಡುವ ಸರದಿ ನನ್ನದಾಗಿದ್ದದ್ದು, ನಾನು "ಅಪ್ಪನ ಪರ" ಎಂದದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ. ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಲ್ಲ, ಅಲ್ಲವೇ ಅಪ್ಪ? ಅಂತ್ಯಕ್ರಿಯೆಯ ದಿನವೂ ಆಡಲಿಲ್ಲ.

ನಿನ್ನದೇನೂ ತಪ್ಪಿಲ್ಲ ಎನ್ನುತ್ತಾರೆಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. "ನಾನು ಏನು ಹೇಳಿದ್ರೂ ಅದು ಸಮಾಧಾನದ ಮಾತು ಆಗುತ್ತೆ. ಉತ್ತರ ಗೊತ್ತಿರೋನು ಒಬ್ಬನೇ. ಅವನನ್ನೇ ಕೇಳು" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಆ ಬೆಳಿಗ್ಗೆ ನಾನು ತಮ್ಮನ ಪರ ತೀರ್ಪು ಕೊಟ್ಟಿದ್ದರೆ ನೀವು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಿರಾ?

ವಾದ ಬೇಡ. ನನ್ನ ಮೇಲೆ ದಯೆಯೂ ಬೇಡ. ನೀವು ಸುಳ್ಳು ಹೇಳುವವರಲ್ಲ ಎಂಬ ಒಂದೇ ನಂಬಿಕೆಯಿಂದ ಕೇಳುತ್ತಿದ್ದೇನೆ. ಹೌದು ಅಥವಾ ಇಲ್ಲ.

ನಿಮ್ಮ ಮಗಳು

ಅಕ್ಟೋಬರ್ ೩

ಸೌಭಾಗ್ಯವತಿ ತಂಗಿಗೆ,

ಮಗಳ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಓದಿ ಹಿಂದಿರುಗಿಸು. ಅವಳ ಪ್ರಶ್ನೆಗೆ ಉತ್ತರ ಬರೆಯುವ ಮೊದಲು, ಸತ್ಯವೇನೆಂಬುದನ್ನು ಒಬ್ಬರಿಗಾದರೂ ಹೇಳಿರಬೇಕೆನಿಸಿತು. ನೀನಲ್ಲದೆ ನನಗೆ ಬೇರೆ ಯಾರೂ ಇಲ್ಲ.

ಆ ದಿನ ಹುಡುಗನ ಎರಡನೆಯ ಪರೀಕ್ಷೆ. ಹಿಂದೆ ಎರಡು ಬಾರಿ ಅವನು ಹೊಟ್ಟೆನೋವಿನ ನೆಪ ಹೇಳಿ ಪರೀಕ್ಷೆ ತಪ್ಪಿಸಿದ್ದ. ಅದು ನಿನಗೂ ಗೊತ್ತು. ಬೆಳಿಗ್ಗೆ ಏಳಕ್ಕೆ ಕೋಣೆಯಿಂದ ಬಂದು, "ಅಪ್ಪಾ, ಹೊಟ್ಟೆ ತುಂಬಾ ನೋಯ್ತಿದೆ, ಆಸ್ಪತ್ರೆಗೆ ಹೋಗೋಣ" ಎಂದ. ಮೇಜಿನ ತುದಿಗೆ ಹೋಗಿ ನಿಲ್ಲು ಎಂದೆ. ನಿಂತ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನಿಗಿದ್ದದ್ದು ಮೂರು ನಿಮಿಷ. ಒಂದು ನಿಮಿಷವೂ ಮಾತಾಡಲಿಲ್ಲ. "ಈ ಸಲ ನಿಜ ಅಪ್ಪಾ" ಎಂಬುದನ್ನೇ ಎರಡು ಸಲ ಹೇಳಿದ.

ನಾನು ಪೂರ್ತಿ ಮೂರು ನಿಮಿಷ ತೆಗೆದುಕೊಂಡೆ. ಹಿಂದಿನ ಎರಡು ಸಂದರ್ಭಗಳನ್ನು ದಿನಾಂಕ ಸಹಿತ ಮಂಡಿಸಿದೆ. ಕೊನೆಯಲ್ಲಿ, "ಪ್ರಶ್ನೆಪತ್ರಿಕೆ ಕಂಡರೆ ನೋಯುವ ಹೊಟ್ಟೆ, ಊಟದ ತಟ್ಟೆ ಕಂಡರೆ ವಾಸಿಯಾಗುತ್ತದೆ" ಎಂದೆ. ಮಗಳು ನಕ್ಕಳು. ಅವನೂ ನಗಲು ನೋಡಿದ, ತಂಗೀ. ಬೆವೆತಿದ್ದ ಮುಖದಲ್ಲಿ ಆ ನಗೆ ಪೂರ್ತಿಯಾಗಲಿಲ್ಲ. ಅವಳು ನಗುತ್ತಲೇ "ಅಪ್ಪನ ಪರ" ಎಂದಳು. ಹುಡುಗ ನಿಯಮದಂತೆ ನನ್ನ ಬಳಿ ಬಂದು ಕೈಕುಲುಕಿದ. ಆ ಕೈ ಸುಡುತ್ತಿತ್ತು. ಸುಡುತ್ತಿದ್ದದ್ದು ನನಗೆ ತಿಳಿಯಿತು. ತೀರ್ಪು ಬಂದಾಗಿತ್ತಲ್ಲ, ಗೆದ್ದವನು ಮತ್ತೆ ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಪರೀಕ್ಷೆಗೆ ಕಳುಹಿಸಿದೆ. ಹತ್ತೂವರೆಗೆ ಅಲ್ಲಿ ಕುಸಿದುಬಿದ್ದ. ಕರುಳಿನ ಪಕ್ಕದ ಅಪೆಂಡಿಕ್ಸ್ ಒಳಗೇ ಒಡೆದಿತ್ತು. ನಾಲ್ಕನೆಯ ದಿನ ಏನಾಯಿತೆಂಬುದು ನಿನಗೆ ಗೊತ್ತು.

ಈಗ ಅವಳ ಪ್ರಶ್ನೆ. ಉತ್ತರ: ಹೌದು. ಅವಳು "ತಮ್ಮನ ಪರ" ಎಂದಿದ್ದರೆ ಆ ಕ್ಷಣವೇ ಸ್ಕೂಟರ್ ತೆಗೆಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಆ ಮೇಜಿನ ಒಂದು ತೀರ್ಪನ್ನೂ ನಾನು ಮೀರಿಲ್ಲ. ಸಿಗರೇಟು ಬಿಟ್ಟದ್ದು ಆ ಹುಡುಗನ ತೀರ್ಪಿನಿಂದ. ಅವಳು ಒಂದು ಮಾತು ಬೇರೆ ಹೇಳಿದ್ದರೆ ಅವನು ಬದುಕಿರುತ್ತಿದ್ದ. ಅದನ್ನು ಅವಳು ಒಳಗೊಳಗೇ ಬಲ್ಲಳು; ಹದಿನೇಳು ತಿಂಗಳಿಂದ ನಾನೂ ಬಲ್ಲೆ, ಮತ್ತು ಸುಮ್ಮನಿದ್ದೆ. ಸುಮ್ಮನಿದ್ದರೆ ಭಾರ ಇಬ್ಬರಿಗೂ ಹಂಚಿಹೋಗುತ್ತಿತ್ತು, ಅದಕ್ಕೆ.

ಸುಳ್ಳು ಹೇಳುವುದು ನನಗೆ ತಿಳಿಯದು. ಸತ್ಯ ಬರೆದರೆ ಅವಳು ಉಳಿಯುವುದಿಲ್ಲ. ನಿನ್ನ ಅಭಿಪ್ರಾಯ ತಿಳಿಸು.

ಇತಿ,
ಅಣ್ಣ

ಅಕ್ಟೋಬರ್ ೮

ಅಣ್ಣಾ,

ನಿನ್ನ ಹಾಗೆ ಕಟ್ಟಿ ಬರೆಯೋಕೆ ನನಗೆ ಬರಲ್ಲ, ಮಾತಾಡಿದ ಹಾಗೆ ಬರೀತೀನಿ.

ಅಭಿಪ್ರಾಯ ಕೇಳಿದ್ದೀಯ. ನಾನು ಮೊದಲಿಂದ ಹೇಳ್ತಾನೇ ಬಂದೆ, ಮಕ್ಕಳ ಮನೇನ ಕೋರ್ಟು ಮಾಡ್ಬೇಡ ಅಂತ. "ನಿನಗೆ ಪ್ರಜಾಪ್ರಭುತ್ವ ಅರ್ಥ ಆಗಲ್ಲ" ಅಂದೆ. ಆಯ್ತಪ್ಪ, ನನಗೆ ಅರ್ಥ ಆಗಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ಕೈಲಿ ತಮ್ಮನ ಪ್ರಾಣ ಇಟ್ಟು, ಅವಳನ್ನ ನಗಿಸಿ, ತೀರ್ಪು ಹೇಳು ಅಂದವರು ಯಾರು? ಅವಳು ನಕ್ಕಿದ್ದು ನಿನ್ನ ಮಾತಿಗೆ. ಕೈ ಸುಡ್ತಿದ್ದದ್ದು ನಿನಗೆ ಗೊತ್ತಾಯ್ತು, ಅವಳಿಗಲ್ಲ.

ಸತ್ಯ ಹೇಳೋದು ನಿನಗೆ ಯಾವಾಗ್ಲೂ ಸುಲಭ ಅಣ್ಣ. ಸತ್ಯ ಹೇಳಿ ಕೈ ತೊಳ್ಕೊಳ್ತೀಯ, ಏಟು ಬೇರೆಯವರಿಗೆ ಬೀಳುತ್ತೆ.

ಆದ್ರೆ ಒಂದು ನೆನಪಿಟ್ಕೋ. ಬರೀ 'ಇಲ್ಲ' ಅಂತ ಬರೆದ್ರೆ ಅವಳು ನಂಬಲ್ಲ. ನಿನ್ನ ಮಗಳು ಅವಳು, ಸಾಕ್ಷಿ ಕೇಳ್ತಾಳೆ. ಸಾಕ್ಷಿ ನಿನ್ನ ಹತ್ರ ಎಲ್ಲಿದೆ? ನೀನು ನಡೆಸದೇ ಬಿಟ್ಟ ತೀರ್ಪು ಅಂದ್ರೆ ಅವಳ ನರ್ಸಿಂಗ್ ಅರ್ಜಿ ಒಂದೇ. ಅದನ್ನ ಕೊಡೋಕೆ ಹೋದ ಕೊನೇ ದಿನ ಬಸ್ಸು ಕೆಟ್ಟು ನಿಂತು, ನಡ್ಕೊಂಡು ಹೋಗೋಷ್ಟರಲ್ಲಿ ಕೌಂಟರ್ ಮುಚ್ಚಿ, ನಮ್ಮನೆ ಕಟ್ಟೆ ಮೇಲೆ ಕೂತು ಹೆಂಗಸರ ಹಾಗೆ ಅತ್ತೋನು ನೀನು. ಅದು ನಮ್ಮಿಬ್ಬರಿಗೇ ಗೊತ್ತು.

ಇನ್ನೊಂದು. ಅವಳು ನಿನ್ನನ್ನ ನಂಬಿದ್ರೆ, ಆಮೇಲೆ ನಿನ್ನ ಮುಖ ನೋಡಲ್ಲ. ಗೊತ್ತಿದ್ದೇ ಬರಿ. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ.

ಪತ್ರ ವಾಪಸ್ ಕಳಿಸಿದ್ದೀನಿ. ಹೊತ್ತಿಗೆ ಸರಿಯಾಗಿ ಏನಾದ್ರೂ ತಿನ್ನು.

ನಿನ್ನ ತಂಗಿ

ಅಕ್ಟೋಬರ್ ೧೯

ಚಿರಂಜೀವಿ ಮಗಳಿಗೆ,

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ.

ನೀನು ತಮ್ಮನ ಪರ ತೀರ್ಪು ಕೊಟ್ಟಿದ್ದರೂ ನಾನು ಅವನನ್ನು ಪರೀಕ್ಷೆಗೇ ಕಳುಹಿಸುತ್ತಿದ್ದೆ. ಸಂಜೆ ನೋಡೋಣ ಎನ್ನುತ್ತಿದ್ದೆ. ತೀರ್ಪನ್ನು ಮುಂದೂಡಲಾಗಿದೆ ಎನ್ನುತ್ತಿದ್ದೆ. ಅಥವಾ ಇನ್ನೇನೋ ಒಂದು ಪದ ಹುಡುಕುತ್ತಿದ್ದೆ. ಪದಗಳಿಗೆ ನನ್ನಲ್ಲಿ ಎಂದೂ ಬಡತನವಿರಲಿಲ್ಲ. ಅವನು ಕೋಣೆಯಿಂದ ಹೊರಬಂದಾಗಲೇ ನನ್ನ ತೀರ್ಮಾನ ಆಗಿಹೋಗಿತ್ತು. ಮೇಜು, ಗಡಿಯಾರ, ನಿನ್ನ ಸರದಿ, ಎಲ್ಲವೂ ಅದಕ್ಕೆ ತೊಡಿಸಿದ ಅಂಗಿ.

ಇದನ್ನು ನೀನು ದಯೆಯೆಂದು ಅನುಮಾನಿಸುವೆ. ಈ ಮನೆಯ ತೀರ್ಪುಗಳನ್ನು ಅಪ್ಪ ಮೀರಿದ್ದೇ ಇಲ್ಲ ಎನ್ನುವೆ. ಮೀರದಿದ್ದವು ಯಾವುವೆಂದು ಯೋಚಿಸು: ಒಂದು ಪ್ರವಾಸ, ಒಂದು ಜೊತೆ ಬೂಟು, ನನ್ನ ಸಿಗರೇಟು. ಸೋತರೂ ನಷ್ಟವಿಲ್ಲದ ಕಡೆ ನಾನು ಸೋತೆ. ನನಗೆ ನಿಜವಾಗಿ ಬೇಡವಾಗಿದ್ದ ವಿಷಯದಲ್ಲಿ ನಿಮಗೆ ಗೆಲುವು ದೊರೆತದ್ದು ಒಂದೇ ಸಲ. ನೀನು ನರ್ಸಿಂಗ್ ಓದಬೇಕೆಂದೆ. ನಾನು ವಿರೋಧಿಸಿದೆ. ನಿನ್ನ ತಮ್ಮ ನಿನ್ನ ಪರ ತೀರ್ಪು ಕೊಟ್ಟ. ಅರ್ಜಿಯನ್ನು ಕೊನೆಯ ದಿನ ನಾನೇ ಒಯ್ದೆ. ಬಸ್ಸು ಕೆಟ್ಟು ತಡವಾಯಿತೆಂದು ಹೇಳಿದೆ, ನೀನು ನಂಬಿದೆ.

ಬಸ್ಸು ಕೆಟ್ಟಿರಲಿಲ್ಲ. ನಾನು ನಿನ್ನ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೌಂಟರ್ ಮುಚ್ಚುವವರೆಗೆ ಕೂತಿದ್ದೆ. ಬೇಕಿದ್ದರೆ ಅವಳನ್ನು ಕೇಳು, ಆ ಮಧ್ಯಾಹ್ನ ನಾನು ಅಲ್ಲಿ ಕೂತಿದ್ದೆನೋ ಇಲ್ಲವೋ ಎಂದು.

ಆದ್ದರಿಂದ ಆ ಬೆಳಿಗ್ಗೆ ನೀನು ಕೊಟ್ಟದ್ದು ತೀರ್ಪಲ್ಲ. ನನ್ನ ತೀರ್ಮಾನಕ್ಕೆ ನಿನ್ನ ಬಾಯಿ ಬಳಸಿಕೊಂಡೆ. ಇನ್ನೂ ಒಂದು ವಿಷಯ ನಿನಗೆ ತಿಳಿದಿರಬೇಕು. ಅವನು ಕೈಕುಲುಕಿದಾಗ ಆ ಕೈ ಸುಡುತ್ತಿತ್ತು, ಜ್ವರವಿರುವುದು ನನಗೆ ಗೊತ್ತಾಯಿತು. ಮೇಜಿನ ಆ ಬದಿಯಲ್ಲಿದ್ದ ನಿನಗೆ ಗೊತ್ತಾಗುವ ಸಂಭವವಿರಲಿಲ್ಲ. ಗೊತ್ತಾಗಿಯೂ ಕಳುಹಿಸಿದೆ. ಹದಿಮೂರು ತಿಂಗಳು ನೀನು ನಿನ್ನನ್ನು ದೂಷಿಸಿಕೊಳ್ಳುವುದನ್ನು ಎದುರಿಗೇ ಕೂತು ನೋಡಿದೆ, ತಡೆಯಲಿಲ್ಲ.

ನನ್ನ ವಾದ ಮುಗಿಯಿತು. ಮೇಜಿಗೆ ಮರಳುವ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲ. ಹೇಳುವ ಅಧಿಕಾರ ನನಗಿಲ್ಲ.

ನಿನ್ನ ತಂದೆ

ನವೆಂಬರ್ ೩೦

ಅಪ್ಪನಿಗೆ,

ನಿಮ್ಮ ಪತ್ರ ಎಂಟನೆಯ ತಾರೀಖು ಬಂತು. ಮೊದಲ ಸಾಲು ಓದಿ ನಂಬಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ಅರ್ಜಿಯ ಕೊನೆಯ ದಿನ ಅಪ್ಪ ನಿಮ್ಮನೆಗೆ ಬಂದಿದ್ದರಾ ಎಂದಷ್ಟೇ ಕೇಳಿದೆ. ಅದನ್ನು ಈಗ ಯಾಕೆ ಕೇಳ್ತೀಯ ಎಂದರು. ಆಮೇಲೆ, "ಬಂದಿದ್ದ ಕಣೇ. ಮಧ್ಯಾಹ್ನ ಪೂರ್ತಿ ಕಟ್ಟೆ ಮೇಲೇ ಕೂತಿದ್ದ" ಎಂದರು. ನಾನು ಇನ್ನೇನಾದರೂ ಕೇಳುವ ಮೊದಲೇ ಫೋನ್ ಇಟ್ಟರು. ಇಷ್ಟು ವರ್ಷ ನಿಮ್ಮನ್ನು ಮುಚ್ಚಿಟ್ಟುಕೊಂಡದ್ದಕ್ಕೆ ಅವರಿಗೂ ನಾಚಿಕೆಯಾಗಿರಬೇಕು.

ಈಗ ನಂಬುತ್ತೇನೆ.

ಹನ್ನೆರಡನೆಯ ತಾರೀಖಿನಿಂದ ಮೊದಲ ಮೇಜಿನಲ್ಲಿದ್ದೇನೆ. ನಿನ್ನೆ ನೂರ ನಲವತ್ತು ಜನರಲ್ಲಿ ಒಂಬತ್ತು ಜನಕ್ಕೆ ಕೆಂಪು ಕೊಟ್ಟೆ. ಒಂಬತ್ತೂ ಸರಿಯಾಗಿದ್ದವು. ಹಸಿರು ಕೊಡುವ ಮೊದಲು ಎರಡು ಸಲ ನೋಡುತ್ತೇನೆ, ಆಮೇಲೆ ಕೊಡುತ್ತೇನೆ. ಆ ಮೂಟೆ ಹೊರುವವನು ನನ್ನ ಲೆಕ್ಕದಲ್ಲೇ ಇದ್ದಾನೆ, ಅವನನ್ನು ಯಾರ ಮೇಲೂ ಹಾಕುವುದಿಲ್ಲ. ತಮ್ಮನ ಮುಖ ನೆನಪಾದರೆ ಈಗ ಅಳು ಬರುತ್ತದೆ. ಮೊದಲು ಅಳುವೂ ಬರುತ್ತಿರಲಿಲ್ಲ.

ನಿಜ ಹೇಳಿದ್ದಕ್ಕೆ ನಿಮಗೆ ಕೃತಜ್ಞಳು. ಅದು ನಿಮಗೆ ಸುಲಭವಾಗಿರಲಿಲ್ಲ ಎಂದು ಬಲ್ಲೆ. ಆದರೆ ಆ ನಿಜವನ್ನು ಓದಿದ ಮೇಲೆ ನಿಮ್ಮ ಎದುರು ಕೂತು ಊಟ ಮಾಡಲು ನನ್ನಿಂದಾಗದು. ಅವನ ಕೈ ಸುಡುತ್ತಿತ್ತು ಎಂದು ಬರೆದಿದ್ದೀರಿ. ಆ ಸಾಲನ್ನು ದಾಟಿ ನಾನು ಮುಂದೆ ಹೋಗಲಾರೆ.

ಇಲ್ಲಿ ಎರಡನೆಯ ವರ್ಷಕ್ಕೆ ಇರಲು ಕೇಳಿಕೊಂಡಿದ್ದೇನೆ, ದೊಡ್ಡಮ್ಮ ಒಪ್ಪಿದ್ದಾರೆ. ಆಮೇಲೆ ಎಲ್ಲಿಗೆ ಹೋದರೂ ಆ ಮನೆಗಂತೂ ಬರುವುದಿಲ್ಲ. ನಿಮಗೆ ಹುಷಾರಿಲ್ಲದಿದ್ದರೆ ಅತ್ತೆ ತಿಳಿಸುತ್ತಾರೆ. ಇದಕ್ಕೆ ಬೇಕಿದ್ದರೆ ಉತ್ತರ ಬರೆಯಿರಿ. ಅದಾದ ಮೇಲೆ ಬರೆಯಬೇಡಿ.

ನಿಮ್ಮ ಮಗಳು

ಡಿಸೆಂಬರ್ ೨೨

ಚಿರಂಜೀವಿ ಮಗಳಿಗೆ,

ನಿನ್ನ ಪತ್ರ ತಲುಪಿತು. ನಿನ್ನ ತೀರ್ಮಾನದ ವಿರುದ್ಧ ನನ್ನಲ್ಲಿ ವಾದವಿಲ್ಲ.

ಅತ್ತೆಯನ್ನು ದೂಷಿಸಬೇಡ. ಅವಳು ನಿನಗೆ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ವಾರಕ್ಕೊಮ್ಮೆಯಾದರೂ ಅವಳಿಗೆ ಫೋನ್ ಮಾಡು. ಅವಳಿಗೆ ಮಾತಾಡುವುದು ಇಷ್ಟ.

ನಿನ್ನ ಬಟ್ಟೆ, ಪುಸ್ತಕಗಳನ್ನು ಎರಡು ಪೆಟ್ಟಿಗೆಯಲ್ಲಿ ತುಂಬಿ ಅವಳ ಮನೆಗೆ ತಲುಪಿಸಿದ್ದೇನೆ. ತಮ್ಮನ ಫೋಟೊಗಳನ್ನೂ ಅದರಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ.

ಬೀದಿಯಲ್ಲಿ ಜನ ಕೇಳುತ್ತಿರುತ್ತಾರೆ, ಮಗಳು ಯಾವಾಗ ಬರುತ್ತಾಳೆಂದು. ಅವಳಿಗೆ ಅಲ್ಲಿ ಕೆಲಸ ಹಿಡಿಸಿದೆ, ಚೆನ್ನಾಗಿ ಮಾಡುತ್ತಿದ್ದಾಳೆ, ಸದ್ಯಕ್ಕೆ ಬರುವುದಿಲ್ಲ ಎನ್ನುತ್ತೇನೆ.

ಇಷ್ಟಂತೂ ಸತ್ಯ.

ನಿನ್ನ ತಂದೆ